ಮನೆಯಲ್ಲೇ ಕೈಯಾರೆ ಮರದ ಉಂಗುರ: ಅಳತೆಯಿಂದ ಹೊಳಪಿನವರೆಗೆ

ನಾನು ಮಾಡಿದ ಮೊದಲ ಮರದ ಉಂಗುರ ಒಂಬತ್ತು ದಿನ ಬಾಳಿತು. ತೇಗದ ಚೂರೊಂದಕ್ಕೆ ಡ್ರಿಲ್‌ನಲ್ಲಿ ತೂತು ಹಾಕಿ, ಸುತ್ತಲೂ ಅರದಿಂದ ಉಜ್ಜಿ, ಎಣ್ಣೆ ಹಚ್ಚಿದ್ದೆ. ನೋಡೋಕೆ ಚೆನ್ನಾಗೇ ಇತ್ತು. ಹತ್ತನೇ ದಿನ ಭಾರದ ಚೀಲ ಎತ್ತುವಾಗ ಬೆರಳಲ್ಲಿ ‘ಟಕ್’ ಅಂತು. ಉಂಗುರ ಎರಡು ಹೋಳಾಗಿ ನೆಲಕ್ಕೆ ಬಿತ್ತು. ಎರಡೂ ಅರ್ಧಚಂದ್ರದ ಹಾಗಿದ್ದವು. ಒಡೆದ ಜಾಗ ಚಾಕುವಿನಲ್ಲಿ ಸೀಳಿದಷ್ಟು ನುಣುಪಾಗಿತ್ತು.

ಆ ನುಣುಪು ನೋಡಿದ ಮೇಲೆ ತಪ್ಪು ಎಲ್ಲಿ ಅಂತ ಗೊತ್ತಾಯಿತು. ಸೌದೆ ಒಡೆದವರಿಗೆ ಇದನ್ನು ಹೇಳಬೇಕಾಗಿಲ್ಲ. ಮರದ ಎಳೆಯ, ಅಂದರೆ ನಾರಿನ, ಉದ್ದಕ್ಕೆ ಕೊಡಲಿ ಬಿದ್ದರೆ ಒಂದೇ ಏಟಿಗೆ ಸೀಳುತ್ತದೆ. ಎಳೆಗೆ ಅಡ್ಡ ಬಿದ್ದರೆ ಕೊಡಲಿಯೇ ಸಿಕ್ಕಿಕೊಳ್ಳುತ್ತದೆ. ಹಲಗೆಯಲ್ಲಿ ತೂತು ಕೊರೆದು ಮಾಡಿದ ಉಂಗುರವನ್ನು ಗಡಿಯಾರ ಅಂದುಕೊಳ್ಳಿ. ಮರದ ಎಳೆ ಎಡದಿಂದ ಬಲಕ್ಕೆ ಹೋಗುತ್ತಿದೆ. 12 ಮತ್ತು 6ರ ಜಾಗದಲ್ಲಿ ಎಳೆ ಉಂಗುರದ ಜೊತೆಜೊತೆಗೇ ಓಡುತ್ತದೆ, ಅಲ್ಲಿ ಗಟ್ಟಿ. 3 ಮತ್ತು 9ರ ಜಾಗದಲ್ಲಿ ಎಳೆ ಉಂಗುರಕ್ಕೆ ಅಡ್ಡ ಇರುತ್ತದೆ. ಅಲ್ಲಿ ಒಂದೊಂದು ಎಳೆಯ ಉದ್ದ ಬರೀ ಎರಡು ಮಿಲಿಮೀಟರ್. ಬಿಸ್ಕತ್ತು ಮುರಿದ ಹಾಗೆ ಮುರಿಯುತ್ತದೆ.

ಹಾಗಾದ್ರೆ ಎಳೆಯೇ ಬೆರಳಿನ ಸುತ್ತ ಓಡುವ ಹಾಗೆ ಮಾಡಿದರೆ? ಅದಕ್ಕೆ ಮರವನ್ನು ಕೊರೆಯಬಾರದು, ಬಗ್ಗಿಸಬೇಕು. ತೆಳುವಾದ ಮರದ ಪಟ್ಟಿಯನ್ನು ಬಿಸಿನೀರಲ್ಲಿ ಮೆದು ಮಾಡಿ, ಸುರುಳಿ ಸುತ್ತಿ, ಪದರಗಳನ್ನು ಅಂಟಿಸಿದರೆ ಎಲ್ಲೂ ಗಿಡ್ಡ ಎಳೆ ಇರುವುದಿಲ್ಲ. ಇದಕ್ಕೆ ಇನ್ನೊಂದು ಲಾಭವೂ ಇದೆ. ಹವೆಯ ತೇವ ಹೆಚ್ಚು ಕಡಿಮೆ ಆದಾಗ ಮರ ಎಳೆಗೆ ಅಡ್ಡ ಹಿಗ್ಗುತ್ತದೆ, ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಹೆಚ್ಚುಕಮ್ಮಿ ಬದಲಾಗುವುದೇ ಇಲ್ಲ. ಕೊರೆದ ಉಂಗುರ ಕಾಲಕ್ಕೆ ತಕ್ಕ ಹಾಗೆ ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಸುತ್ತಿದ ಉಂಗುರದ ಅಳತೆ ಇದ್ದಲ್ಲೇ ಇರುತ್ತದೆ.

ಈ ಬರಹದಲ್ಲಿ ಹೆಚ್ಚಿನ ಜಾಗ ಸುತ್ತಿ ಮಾಡುವ ಉಂಗುರಕ್ಕೇ. ಕೊರೆದು ಮಾಡಲೇಬೇಕು ಅನ್ನುವವರಿಗೆ ಒಂದು ದಾರಿ ಇದೆ, ಅದನ್ನು ಕೊನೆಯ ಹತ್ತಿರ ಹೇಳುತ್ತೇನೆ.

ಏನೇನು ಬೇಕು

ಮುಖ್ಯವಾಗಿ ಬೇಕಾದ್ದು ವೆನೀರ್. ಪ್ಲೈವುಡ್ ಮೇಲೆ ಅಂದಕ್ಕೆ ಅಂಟಿಸುತ್ತಾರಲ್ಲ, ಆ ತೆಳು ಮರದ ಹಾಳೆ. 0.5ರಿಂದ 0.6 ಮಿ.ಮೀ. ದಪ್ಪದ್ದು ಸಾಕು. ಹಿಂದೆ ಕಾಗದ ಅಥವಾ ಅಂಟು ಬಳಿದ ವೆನೀರ್ ಬೇಡ. ಅದು ನೀರಿಗೆ ಬಿದ್ದರೆ ಪದರ ಬಿಡುತ್ತದೆ, ಬಾಗುವುದೂ ಇಲ್ಲ. ಪೀಠೋಪಕರಣ ಮಾಡುವ ಬಡಗಿಗಳ ಹತ್ತಿರ ಕತ್ತರಿಸಿ ಉಳಿದ ತುಂಡು ಬೇಕಾದಷ್ಟು ಬಿದ್ದಿರುತ್ತದೆ. ಒಂದು ಉಂಗುರಕ್ಕೆ ಬೇಕಾಗುವುದು ಒಂದು ಅಡಿ ಉದ್ದ, ಬೆರಳಗಲದ ಪಟ್ಟಿ ಅಷ್ಟೇ.

ಉಳಿದದ್ದು: ಸ್ಟೀಲ್ ಸ್ಕೇಲು, ಹೊಸ ಬ್ಲೇಡು ಹಾಕಿದ ಕಟ್ಟರ್, ಸೂಪರ್ ಗ್ಲೂ, ಪಾರ್ಸೆಲ್ ಕಟ್ಟುವ ಪ್ಲಾಸ್ಟಿಕ್ ಟೇಪು, ಪೇಪರ್ ಟೇಪು, ನಾಲ್ಕೈದು ರಬ್ಬರ್ ಬ್ಯಾಂಡು. ಸ್ಯಾಂಡ್ ಪೇಪರ್, ಅಂದರೆ ನಮ್ಮ ಉಪ್ಪುಕಾಗದ, 120, 240, 400 ಮತ್ತು 600 ನಂಬರಿನದ್ದು. ವರ್ನಿಯರ್ ಕ್ಯಾಲಿಪರ್ ಇದ್ದರೆ ಒಳ್ಳೆಯದು. ಪ್ಲಾಸ್ಟಿಕ್ಕಿನ ಅಗ್ಗದ್ದಾದರೂ ಪರವಾಗಿಲ್ಲ, ಈ ಕೆಲಸದಲ್ಲಿ ಅರ್ಧ ಮಿಲಿಮೀಟರ್ ಅಂದರೆ ದೊಡ್ಡ ವ್ಯತ್ಯಾಸ. ಮುಖಕ್ಕೆ ಎನ್95 ಮಾಸ್ಕ್ ಹಾಕಿಕೊಳ್ಳಿ. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೇ ಸೇರಿಸಿದೆ. ಒಂದು ಉಂಗುರದಿಂದ ಏನೂ ಆಗಲಿಕ್ಕಿಲ್ಲ, ಆದರೆ ಒಂದಕ್ಕೇ ನಿಲ್ಲಿಸಿದವರನ್ನು ನಾನಂತೂ ನೋಡಿಲ್ಲ.

ಯಾವ ಮರ? ಮೊದಲ ಸಲಕ್ಕೆ ವಾಲ್‌ನಟ್ ತೆಗೆದುಕೊಳ್ಳಿ. ಚೆನ್ನಾಗಿ ಬಾಗುತ್ತದೆ, ಬಣ್ಣವೂ ಚೆಂದ, ಅಂಟು ಸಲೀಸಾಗಿ ಹಿಡಿಯುತ್ತದೆ. ಮೇಪಲ್ ಬಿಳಿ, ಗಟ್ಟಿ. ಕೊಳೆ ಬೇಗ ಕಾಣುತ್ತದೆ. ತೇಗದಲ್ಲಿ ಎಣ್ಣೆಯ ಅಂಶ ಜಾಸ್ತಿ, ಅಂಟಿಸುವ ಮೊದಲು ಎಣ್ಣೆ ಕರಗಿಸುವ ಅಸಿಟೋನ್‌ನಲ್ಲಿ ಒರೆಸದಿದ್ದರೆ ಪದರ ಬಿಟ್ಟುಕೊಳ್ಳುತ್ತದೆ. ಬೀಟೆ ಎಲ್ಲಕ್ಕಿಂತ ಗಟ್ಟಿ. ಮರದ ಗಟ್ಟಿತನ ಅಳೆಯುವ ಜಂಕಾ ಲೆಕ್ಕದಲ್ಲಿ ವಾಲ್‌ನಟ್ ಸುಮಾರು 1,010, ಹಾರ್ಡ್ ಮೇಪಲ್ 1,450 ಇದ್ದರೆ ಬೀಟೆ 2,440ರ ಹತ್ತಿರ ಬರುತ್ತದೆ. ಹೊಳಪು ಕೊಟ್ಟರೆ ಕಲ್ಲಿನ ಹಾಗೆ ಕಾಣುತ್ತದೆ. ಆದರೆ ಅದರ ಧೂಳು ಕೆಲವರಿಗೆ ತುರಿಕೆ, ಸೀನು ತರುತ್ತದೆ. ಬೀಟೆಯ ಇಡೀ ಜಾತಿಯೇ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣದ ಪಟ್ಟಿಯಲ್ಲಿದೆ. ಮಾಡಿದ್ದನ್ನು ಹೊರದೇಶಕ್ಕೆ ಮಾರುವ ಯೋಚನೆ ಇದ್ದರೆ ಆಗ ಯಾವ ನಿಯಮ ಇದೆ ಅಂತ ವಿಚಾರಿಸಿಕೊಂಡೇ ಮುಂದುವರಿಯಿರಿ.

ಬೆರಳಿನ ಅಳತೆ

ಚೆನ್ನಾಗಿ ಮಾಡಿದ ಉಂಗುರ ಬೆರಳಿಗೆ ಹೋಗದಿದ್ದರೆ ಆಗುವ ಬೇಜಾರು ಮುರಿದಾಗಲೂ ಆಗುವುದಿಲ್ಲ. ಅದಕ್ಕೇ ಇಲ್ಲಿ ಅವಸರ ಬೇಡ.

ಅರ್ಧ ಸೆಂಟಿಮೀಟರ್ ಅಗಲದ ಕಾಗದದ ಪಟ್ಟಿಯನ್ನು ಬೆರಳಿನ ಬುಡಕ್ಕೆ ಸುತ್ತಿ, ಕೂಡುವ ಜಾಗಕ್ಕೆ ಗುರುತು ಹಾಕಿ. ಆಮೇಲೆ ಗಿಣ್ಣಿನ ಮೇಲೂ ಹಾಗೇ ಸುತ್ತಿ ನೋಡಿ. ಗಿಣ್ಣು ದಪ್ಪಗಿದ್ದರೆ ಎರಡರ ನಡುವಿನ ಅಳತೆ ಹಿಡಿಯಬೇಕು. ಬೆರಳು ದಿನವಿಡೀ ಒಂದೇ ದಪ್ಪ ಇರುವುದಿಲ್ಲ, ಸೆಕೆಗೆ ಊದುತ್ತದೆ, ಚಳಿಗೆ ಇಳಿಯುತ್ತದೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಅಳೆದು ಸಂಜೆಯ ಅಳತೆಗೆ ಹೆಚ್ಚು ಬೆಲೆ ಕೊಡಿ.

ಸುತ್ತಳತೆ 57 ಮಿ.ಮೀ. ಬಂತು ಅಂದುಕೊಳ್ಳಿ. ಅದನ್ನು 3.14ರಿಂದ ಭಾಗಿಸಿದರೆ ಸುಮಾರು 18.1. ಅದೇ ಉಂಗುರದ ಒಳವ್ಯಾಸ. ಅಕ್ಕಸಾಲಿಗರ ಸೈಜಿನ ನಂಬರು ಒಂದೊಂದು ದೇಶದಲ್ಲಿ ಒಂದೊಂದು ಥರ. ಐಎಸ್‌ಒ 8653 ಅನ್ನುವ ಮಾನದಂಡ ಮಾತ್ರ ನೇರವಾಗಿ ಒಳಸುತ್ತಳತೆಯ ಮಿಲಿಮೀಟರನ್ನೇ ಸೈಜ್ ಅನ್ನುತ್ತದೆ. ನಾವೂ ಮಿಲಿಮೀಟರಿನಲ್ಲೇ ಮಾತಾಡೋಣ, ಗೊಂದಲ ಇರುವುದಿಲ್ಲ. ಉಂಗುರ 7 ಮಿ.ಮೀ.ಗಿಂತ ಅಗಲ ಇದ್ದರೆ ಬೆರಳಿಗೆ ಬಿಗಿ ಅನಿಸುತ್ತದೆ, ವ್ಯಾಸಕ್ಕೆ ಕಾಲು ಮಿಲಿಮೀಟರ್ ಸೇರಿಸಿಕೊಳ್ಳಿ.

ಈಗ ಆ ವ್ಯಾಸದ ಅಚ್ಚು ಬೇಕು. ಮಾರ್ಕರ್ ಪೆನ್ನು, ಸ್ಪ್ಯಾನರ್ ಸಾಕೆಟ್ಟು, ದುಂಡು ಮರದ ಕೋಲು, ಯಾವುದಾದರೂ ಸರಿ. ಬೇಕಾದ್ದಕ್ಕಿಂತ ಸ್ವಲ್ಪ ಸಣ್ಣದನ್ನು ಆರಿಸಿ, ಅದರ ಮೇಲೆ ಪೇಪರ್ ಟೇಪು ಸುತ್ತುತ್ತಾ ಹೋಗಿ. ಕ್ಯಾಲಿಪರ್ 18.1 ತೋರಿಸಿದ ಕೂಡಲೇ ನಿಲ್ಲಿಸಿ. ಕೊನೆಯ ಸುತ್ತು ಮಾತ್ರ ಪ್ಲಾಸ್ಟಿಕ್ ಟೇಪಿನದ್ದಾಗಿರಲಿ, ಅಂಟು ಅದಕ್ಕೆ ಅಷ್ಟಾಗಿ ಹಿಡಿಯುವುದಿಲ್ಲ. ನಾನು ಒಮ್ಮೆ ಇದನ್ನು ಮರೆತೆ. ಉಂಗುರವೂ ಮಾರ್ಕರ್ರೂ ಒಂದಾಗಿಬಿಟ್ಟವು. ಆ ಮಾರ್ಕರ್ ಇನ್ನೂ ನನ್ನ ಮೇಜಿನ ಮೇಲಿದೆ, ನಡುವಿಗೆ ಒಡ್ಯಾಣ ಹಾಕಿಕೊಂಡು.

ಪಟ್ಟಿ ಕತ್ತರಿಸುವುದು

ಎಷ್ಟು ಉದ್ದ ಬೇಕು ಅನ್ನುವುದಕ್ಕೆ ಲೆಕ್ಕ ಸುಲಭ. 18.1 ಮಿ.ಮೀ. ಅಚ್ಚಿನ ಮೇಲೆ 0.6 ಮಿ.ಮೀ. ವೆನೀರ್‌ನ ಮೊದಲ ಸುತ್ತಿಗೆ ಸುಮಾರು 59 ಮಿ.ಮೀ. ಬೇಕು. ಆಮೇಲೆ ಪ್ರತಿ ಸುತ್ತಿಗೂ 3.8 ಮಿ.ಮೀ. ಹೆಚ್ಚುತ್ತದೆ. ನಾಲ್ಕು ಸುತ್ತಿಗೆ ಒಟ್ಟು 260ರ ಹತ್ತಿರ. ಕೈಯಲ್ಲಿ ಹಿಡಿಯಲಿಕ್ಕೆ, ತುದಿ ಹಾಳಾದರೆ ತೆಗೆಯಲಿಕ್ಕೆ ಅಂತ ಸೇರಿಸಿ 300 ಮಿ.ಮೀ. ಇಟ್ಟುಕೊಳ್ಳಿ. ನಾಲ್ಕು ಸುತ್ತು ಅಂದರೆ 2.4 ಮಿ.ಮೀ. ದಪ್ಪ, ಉಜ್ಜಿದ ಮೇಲೆ 2ಕ್ಕೆ ಇಳಿಯುತ್ತದೆ. ಮೂರೇ ಸುತ್ತಿನದ್ದು ನಾಜೂಕಾಗಿ ಕಾಣುತ್ತದೆ, ಆದರೆ ದಿನಬಳಕೆಗೆ ನಾನು ನಾಲ್ಕಕ್ಕಿಂತ ಕಡಿಮೆ ಹಾಕುವುದಿಲ್ಲ.

ಅಗಲ 10 ಮಿ.ಮೀ. ಕತ್ತರಿಸಿ. ಕೊನೆಗೆ 6 ಅಥವಾ 7ಕ್ಕೆ ಉಜ್ಜಿ ತರುತ್ತೇವೆ. ಸುತ್ತುವಾಗ ಅಂಚು ಆಚೀಚೆ ಸರಿಯುತ್ತದೆ, ಆ ತಪ್ಪನ್ನು ನುಂಗಲು ಹೆಚ್ಚುವರಿ ಅಗಲ ಇರಲೇಬೇಕು.

ದಿಕ್ಕಿನ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ವೆನೀರ್ ಹಾಳೆಯನ್ನು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ಒಂದು ಕಡೆಗೆ ಕಾಗದದ ಹಾಗೆ ಸಲೀಸಾಗಿ ಸುರುಳಿಯಾಗುತ್ತದೆ. ಇನ್ನೊಂದು ಕಡೆಗೆ ಬಿಗಿಯಾಗಿ ಹಟ ಮಾಡುತ್ತದೆ. ‘ಓ, ಸಲೀಸಾಗಿ ಬಾಗುವ ದಿಕ್ಕೇ ಸರಿ’ ಅನಿಸುತ್ತದೆ, ಅಲ್ವಾ? ಅದು ಮೋಸ. ಸಲೀಸಾಗಿ ಸುರುಳಿಯಾಗುವ ಕಡೆ ಎಳೆಗಳು ಅಡ್ಡ ಇರುತ್ತವೆ, ಸ್ವಲ್ಪ ಜಾಸ್ತಿ ಬಗ್ಗಿಸಿದರೆ ಸೀಳಿಹೋಗುತ್ತದೆ. ಹಟ ಮಾಡುವ ಕಡೆಯೇ ನಮ್ಮದು. ಎಳೆ ಪಟ್ಟಿಯ ಈ ತುದಿಯಿಂದ ಆ ತುದಿಗೆ ಉದ್ದಕ್ಕೆ ಓಡಬೇಕು.

ಕತ್ತರಿಸುವ ಗೆರೆಯ ಕೆಳಗೆ ಪೇಪರ್ ಟೇಪು ಅಂಟಿಸಿ. ಸ್ಕೇಲನ್ನು ಒತ್ತಿ ಹಿಡಿದು, ಕಟ್ಟರನ್ನು ಹಗುರವಾಗಿ ನಾಲ್ಕೈದು ಸಲ ಎಳೆಯಿರಿ. ಒಂದೇ ಸಲಕ್ಕೆ ಬಲ ಹಾಕಿದರೆ ಬ್ಲೇಡು ಎಳೆಯ ಹಿಂದೆ ಓಡಿಹೋಗುತ್ತದೆ, ಪಟ್ಟಿ ಸೊಟ್ಟ ಆಗುತ್ತದೆ. ಎರಡು ಮೂರು ಪಟ್ಟಿ ಹೆಚ್ಚಿಗೇ ಕತ್ತರಿಸಿಟ್ಟುಕೊಳ್ಳಿ. ಒಂದು ಮುರಿಯುತ್ತದೆ ಅಂತ ಮೊದಲೇ ಒಪ್ಪಿಕೊಂಡರೆ ಕೈ ನಡುಗುವುದಿಲ್ಲ.

ಆಮೇಲೆ ಪಟ್ಟಿಯ ಒಂದು ತುದಿಯ ಕೊನೆಯ 12 ಮಿ.ಮೀ.ಯಷ್ಟನ್ನು 120 ನಂಬರ್ ಪೇಪರಿನಿಂದ ಉಜ್ಜಿ, ಕೊನೆಗೆ ಕಾಗದದಷ್ಟು ತೆಳುವಾಗುವ ಹಾಗೆ ಇಳಿಜಾರು ಮಾಡಿ. ಉಂಗುರ ಶುರುವಾಗುವುದು ಈ ತುದಿಯಿಂದ. ಇಳಿಜಾರು ಹೊರಮುಖಕ್ಕೆ ಇರಬೇಕು. ಹೀಗೆ ಮಾಡದಿದ್ದರೆ ಎರಡನೇ ಸುತ್ತು ಮೊದಲ ತುದಿಯನ್ನು ಹತ್ತುವ ಜಾಗದಲ್ಲಿ ಮೆಟ್ಟಿಲಿನಂಥ ಉಬ್ಬು ಬರುತ್ತದೆ, ಅದರ ಪಕ್ಕದಲ್ಲೇ ಪೊಳ್ಳು ಉಳಿಯುತ್ತದೆ.

ಬಿಸಿನೀರು, ಬಾಗಿಸುವುದು

ಮರದ ಎಳೆಗಳನ್ನು ಒಂದಕ್ಕೊಂದು ಹಿಡಿದಿಡುವ ಲಿಗ್ನಿನ್ ಅನ್ನುವ ವಸ್ತು ಇದೆ. ಒದ್ದೆಯಾಗಿ ಬಿಸಿಯಾದಾಗ ಅದು ಮೆತ್ತಗಾಗುತ್ತದೆ, ಆರಿದಾಗ ಮತ್ತೆ ಬಿಗಿಯುತ್ತದೆ. ನಮ್ಮ ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಬರೀ ತಣ್ಣೀರಲ್ಲಿ ರಾತ್ರಿಯಿಡೀ ನೆನೆಸಿದರೂ ಐದು ನಿಮಿಷದ ಕುದಿನೀರಿನಷ್ಟು ಕೆಲಸ ಆಗುವುದಿಲ್ಲ.

ಅಗಲವಾದ ಸ್ಟೀಲ್ ಪಾತ್ರೆಯಲ್ಲಿ ನೀರು ಕುದಿಸಿ, ಒಲೆ ಆರಿಸಿ, ಪಟ್ಟಿಯನ್ನು ಮುಳುಗಿಸಿ. ತೇಲಿದರೆ ಮೇಲೊಂದು ಚಮಚ ಇಡಿ. ಕಬ್ಬಿಣದ ಬಾಣಲೆ ಮಾತ್ರ ಬೇಡ. ಓಕ್, ವಾಲ್‌ನಟ್ ಥರದ ಮರದಲ್ಲಿ ಒಗರಿನ ಟ್ಯಾನಿನ್ ಇರುತ್ತದೆ, ಅದು ಕಬ್ಬಿಣ ತಾಕಿದರೆ ಕಪ್ಪು ಕಲೆಯಾಗುತ್ತದೆ. ನೀರು ಚಹಾದ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಅದು ಸಹಜ.

ಐದು ನಿಮಿಷದ ಮೇಲೆ ಪಟ್ಟಿ ತೆಗೆದು, ಬಿಸಿ ಇರುವಾಗಲೇ ಸುತ್ತಬೇಕು. ಅಚ್ಚಿಗಿಂತ ಸಣ್ಣ ಕೋಲಿನ ಮೇಲೆ, ಸುಮಾರು 16 ಮಿ.ಮೀ.ಯದ್ದರ ಮೇಲೆ ಸುತ್ತಿ. ಬಿಟ್ಟ ಮೇಲೆ ಅದು ಸ್ವಲ್ಪ ಬಿಚ್ಚಿಕೊಳ್ಳುತ್ತದೆ, ಆ ಲೆಕ್ಕಕ್ಕೆ ಇದು. ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕೋಲನ್ನು ನಿಧಾನಕ್ಕೆ ತಿರುಗಿಸಿ. ಪಟ್ಟಿಯನ್ನು ಕೋಲಿಗೆ ಸುತ್ತುವ ಬದಲು ಕೋಲನ್ನೇ ಪಟ್ಟಿಯ ಮೇಲೆ ಉರುಳಿಸಿದ ಹಾಗೆ. ‘ಚಿರ್’ ಅನ್ನುವ ಸಣ್ಣ ಸದ್ದು ಬಂದರೆ ನಿಲ್ಲಿಸಿ, ಮತ್ತೆ ಎರಡು ನಿಮಿಷ ನೀರಲ್ಲಿಡಿ. ಎಳೆ ಏಳುತ್ತಿದೆ ಅಂತ ಅರ್ಥ. ಪೂರ್ತಿ ಸುತ್ತಿದ ಮೇಲೆ ಎರಡು ಕಡೆ ರಬ್ಬರ್ ಬ್ಯಾಂಡ್ ಹಾಕಿ ಗಾಳಿ ಆಡುವ ಕಡೆ ಇಟ್ಟುಬಿಡಿ.

ಒಂದು ಇಡೀ ದಿನ. ಮೋಡದ ದಿನ ಆದರೆ ಎರಡು. ಮೇಲೆ ಒಣಗಿದ ಹಾಗೆ ಕಂಡರೂ ಒಳಸುತ್ತಿನಲ್ಲಿ ಪಸೆ ಉಳಿದಿರುತ್ತದೆ. ಸೂಪರ್ ಗ್ಲೂ ಗಟ್ಟಿಯಾಗುವುದೇ ತೇವದಿಂದ, ಆದರೆ ತೇವ ಜಾಸ್ತಿ ಆದರೆ ಬಿಳಿ ನೊರೆ ಬಂದು ಹಿಡಿತ ಹೋಗುತ್ತದೆ. ಕಾಯಲು ಆಗದೆ ಒಮ್ಮೆ ನಾಲ್ಕೇ ತಾಸಿಗೆ ಅಂಟಿಸಿದ್ದೆ. ವಾಲ್‌ನಟ್‌ನ ಕಂದು ಪದರಗಳ ನಡುವೆ ಸುಣ್ಣ ಬಳಿದ ಹಾಗೆ ಬಿಳಿ ಗೆರೆ ಬಂತು. ಎಷ್ಟು ಉಜ್ಜಿದರೂ ಹೋಗಲಿಲ್ಲ.

ಅಂಟಿಸುವುದು

ಬಿಳಿ ಮರದಂಟಿನಲ್ಲೂ ಮಾಡಬಹುದು, ಹೊಂದಿಸಿಕೊಳ್ಳಲು ಸಮಯ ಸಿಗುತ್ತದೆ. ಆದರೆ ಅದರ ನೀರಿಗೆ ಪಟ್ಟಿ ಮತ್ತೆ ಉಬ್ಬುತ್ತದೆ, ಪದರಗಳು ಜಾರುತ್ತವೆ. ಮೊದಲ ಉಂಗುರಕ್ಕೆ ಸೂಪರ್ ಗ್ಲೂ ವಾಸಿ. ತೀರಾ ನೀರಾಗಿಯೂ ಇರಬಾರದು, ಜೆಲ್ ಥರವೂ ಇರಬಾರದು. ನಡುವಿನದ್ದು ಸಿಕ್ಕರೆ ಅದೇ ಸರಿ.

ಕಿಟಕಿ ತೆಗೆದಿಡಿ, ಇದರ ಹೊಗೆ ಕಣ್ಣಿಗೆ ಉರಿ. ಹತ್ತಿಯ ಕೈಗವಸು, ಹತ್ತಿ ಬಟ್ಟೆ ಹತ್ತಿರ ಸುಳಿಯದಿರಲಿ. ಸೂಪರ್ ಗ್ಲೂ ಹತ್ತಿಗೆ ಬಿದ್ದರೆ ಚರ್ಮ ಸುಡುವಷ್ಟು ಬಿಸಿಯಾಗುತ್ತದೆ. ಬೆರಳು ಬೆರಳು ಅಂಟಿಕೊಂಡರೆ ಎಳೆಯಬೇಡಿ. ಬೆಚ್ಚಗಿನ ಸೋಪಿನ ನೀರಲ್ಲಿಟ್ಟು ನಿಧಾನಕ್ಕೆ ಬಿಡಿಸಿ.

ಮೊದಲು ಅಂಟಿಲ್ಲದೆ ಒಮ್ಮೆ ಪೂರ್ತಿ ಸುತ್ತಿ ನೋಡಿ. ಇಳಿಜಾರು ತುದಿ ಸರಿಯಾಗಿ ಕೂರುತ್ತದಾ, ಅಂಚು ಒಂದರ ಮೇಲೊಂದು ಬರುತ್ತದಾ ಅಂತ. ಸರಿ ಇದ್ದರೆ ಶುರು:

1. ಇಳಿಜಾರು ತುದಿಯನ್ನು ಅಚ್ಚಿನ ಮೇಲಿಟ್ಟು ಒಂದು ಸುತ್ತು ತನ್ನಿ. ಮೊದಲ ಸುತ್ತಿನ ಕೆಳಗೆ, ಅಚ್ಚಿಗೆ ತಾಕುವ ಕಡೆ ಅಂಟು ಹಾಕುವ ಹಾಗೇ ಇಲ್ಲ.
2. ಪಟ್ಟಿ ಇಳಿಜಾರಿನ ಮೇಲೆ ಹತ್ತುವ ಜಾಗದಲ್ಲಿ ಒಂದು ಸಣ್ಣ ಹನಿ. ಬಿಗಿಯಾಗಿ ಎಳೆದು, ಹೆಬ್ಬೆರಳಿಗೆ ಪ್ಲಾಸ್ಟಿಕ್ ಚೂರು ಸುತ್ತಿಕೊಂಡು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಈ ಹನಿ ಹಿಡಿದರೆ ಉಂಗುರದ ಅಳತೆ ನಿಂತ ಹಾಗೆ.
3. ಮುಂದೆ ಎರಡೆರಡು ಸೆಂಟಿಮೀಟರಿಗೆ ಒಂದು ಹನಿ. ತೆಳುವಾಗಿ ಹರಡಿ, ಎಳೆದು, ಒತ್ತಿ, ಮೂವತ್ತು ಎಣಿಸಿ. ಅಂಚಿನವರೆಗೂ ಅಂಟು ಮುಟ್ಟಬೇಕು, ಹೊರಗೆ ಹರಿಯಬಾರದು.
4. ನಾಲ್ಕನೇ ಸುತ್ತು ಮುಗಿದು, ಶುರುವಾದ ಜಾಗವನ್ನು 5 ಮಿ.ಮೀ. ದಾಟಿದ ಮೇಲೆ ಕತ್ತರಿಸಿ, ಆ ತುದಿಯನ್ನೂ ಅಂಟಿಸಿ, ಆಮೇಲೆ ಇಳಿಜಾರಾಗಿ ಉಜ್ಜಿ.
5. ಹತ್ತು ನಿಮಿಷ ಬಿಟ್ಟು ಅಚ್ಚಿನಿಂದ ತಿರುವುತ್ತಾ ತೆಗೆಯಿರಿ. ಬರದಿದ್ದರೆ ಉಂಗುರವನ್ನು ಜಗ್ಗಬೇಡಿ, ಒಳಗಿನ ಟೇಪನ್ನು ಬಿಚ್ಚುತ್ತಾ ಬನ್ನಿ.

ಈಗ ಕೈಯಲ್ಲಿರುವುದು ಅಂಟು ಮೆತ್ತಿದ, ಅಂಚು ಅಂಕುಡೊಂಕಾದ, ಯಾರಿಗೂ ತೋರಿಸಲಾಗದ ಒಂದು ಬಳೆಯಂಥದ್ದು. ಎಲ್ಲರಿಗೂ ಹೀಗೇ ಬರುವುದು.

ಬೆಳಕಿಗೆ ಹಿಡಿದು ಅಂಚುಗಳನ್ನು ನೋಡಿ. ಪದರಗಳ ನಡುವೆ ಕಪ್ಪು ಸಂದು ಕಂಡರೆ, ಅದೇ ಮರವನ್ನು ಉಜ್ಜಿದ ಧೂಳನ್ನು ಅಲ್ಲಿ ತುಂಬಿ, ತೆಳು ಸೂಪರ್ ಗ್ಲೂ ಒಂದು ಹನಿ ಬಿಡಿ. ತಾನೇ ಒಳಗೆ ಹೀರಿಕೊಳ್ಳುತ್ತದೆ. ಇನ್ನೊಂದು ನನ್ನ ಅಭ್ಯಾಸ: ಉಂಗುರವನ್ನು ಮೇಜಿನ ಮೇಲೆ ಎರಡು ಇಂಚು ಎತ್ತರದಿಂದ ಬೀಳಿಸುತ್ತೇನೆ. ‘ಟಿಣ್’ ಅಂತ ಸ್ಪಷ್ಟವಾಗಿ ಬಂದರೆ ನಿಶ್ಚಿಂತೆ. ಮಂಕಾಗಿ ‘ಡಬ್’ ಅಂದರೆ ಎಲ್ಲೋ ಪದರ ಹಿಡಿದಿಲ್ಲ, ಹುಡುಕುತ್ತೇನೆ.

ಉಜ್ಜುವುದು

ಉಂಗುರ ಉಂಗುರದ ಹಾಗೆ ಕಾಣಲು ಶುರುವಾಗುವುದು ಇಲ್ಲಿಂದ. ತಾಳ್ಮೆ ಇಲ್ಲದವರು ಸೋಲುವುದೂ ಇಲ್ಲೇ.

ಮೊದಲು ಎರಡು ಬದಿ. ಗಾಜಿನ ಚೂರು ಅಥವಾ ನಯವಾದ ಟೈಲ್ ಮೇಲೆ 120 ನಂಬರ್ ಪೇಪರ್ ಅಂಟಿಸಿ. ಉಂಗುರದ ಅಂಚಿಗೆ ಸುತ್ತಲೂ ಪೆನ್ಸಿಲ್ಲಿನಿಂದ ಗೀಚಿ. ಉಂಗುರವನ್ನು ಮಲಗಿಸಿ, 8ರ ಆಕಾರದಲ್ಲಿ ತಿರುಗಿಸುತ್ತಾ ಉಜ್ಜಿ. ಪೆನ್ಸಿಲ್ ಗುರುತು ಎಲ್ಲಾ ಕಡೆ ಒಟ್ಟಿಗೇ ಅಳಿಸಿದರೆ ನೀವು ಸಮನಾಗಿ ಒತ್ತುತ್ತಿದ್ದೀರಿ. ಒಂದೇ ಕಡೆ ಅಳಿಸಿದರೆ ಬೆರಳಿನ ಭಾರ ಅಲ್ಲೇ ಬೀಳುತ್ತಿದೆ, ಉಂಗುರವನ್ನು ಕಾಲು ಸುತ್ತು ತಿರುಗಿಸಿ ಹಿಡಿಯಿರಿ. ಎರಡೂ ಬದಿ ಹೀಗೆ ಮಾಡಿ ಅಗಲವನ್ನು 6.5 ಮಿ.ಮೀ.ಗೆ ತನ್ನಿ.

ಒಳಭಾಗಕ್ಕೆ ತೆಳು ಕೋಲಿಗೆ ಸ್ಯಾಂಡ್ ಪೇಪರ್ ಸುತ್ತಿಕೊಂಡು, ಉಂಗುರವನ್ನು ತಿರುಗಿಸುತ್ತಾ ಉಜ್ಜಬೇಕು. ಇಲ್ಲಿ 240ರಿಂದ ಶುರು ಮಾಡಿ. ಒಳಪದರ 0.6 ಮಿ.ಮೀ. ಅಷ್ಟೇ ಅನ್ನುವುದು ನೆನಪಿರಲಿ. ಐದಾರು ಸುತ್ತು ಉಜ್ಜಿದಾಗೆಲ್ಲ ಬೆರಳಿಗೆ ಹಾಕಿ ನೋಡಿ. ಗಿಣ್ಣು ದಾಟುವಾಗ ಸ್ವಲ್ಪ ತಡೆದು, ದಾಟಿದ ಮೇಲೆ ಸುಲಭವಾಗಿ ತಿರುಗಬೇಕು. ಮೇಲೆ ಹಚ್ಚುವ ಲೇಪನ ಒಳಗೆ ಕಾಲು ಮಿಲಿಮೀಟರಿನಷ್ಟು ಜಾಗ ತಿನ್ನಬಹುದು, ಅದಕ್ಕೆ ಈಗ ಒಂದು ಕೂದಲಿನಷ್ಟು ಸಡಿಲ ಇದ್ದರೆ ಒಳ್ಳೆಯದು. ಒಳಗಿನ ಎರಡೂ ಅಂಚುಗಳನ್ನು ದುಂಡಗೆ ಮಾಡಿ. ಇದನ್ನು ಬಿಟ್ಟವರು ‘ಮರದ ಉಂಗುರ ಚುಚ್ಚುತ್ತದೆ’ ಅನ್ನುತ್ತಾರೆ.

ಹೊರಭಾಗ ಕೊನೆಗೆ. ಉಂಗುರವನ್ನು ಅಚ್ಚಿನ ಮೇಲೆ ಬಿಗಿಯಾಗಿ ಕೂರಿಸಿ, ಬೇಕಿದ್ದರೆ ಇನ್ನೊಂದು ಸುತ್ತು ಟೇಪು ಹಾಕಿ. ಉದ್ದನೆಯ ಸ್ಯಾಂಡ್ ಪೇಪರ್ ಪಟ್ಟಿಯನ್ನು ಮೇಲೆ ಹಾಕಿ, ಬೂಟು ಪಾಲಿಶ್ ಮಾಡುವ ಬಟ್ಟೆಯ ಹಾಗೆ ಆಚೀಚೆ ಎಳೆಯಿರಿ. ಹೊರತುದಿ ಮುಗಿಯುವ ಜಾಗದ ಮೆಟ್ಟಿಲು ಮಾಯವಾಗಿ ಗೆರೆಯಷ್ಟೇ ಉಳಿಯುವವರೆಗೆ 120, ಆಮೇಲೆ 240, 400, 600. ಒಂದು ನಂಬರಿನಿಂದ ಇನ್ನೊಂದಕ್ಕೆ ಹೋಗುವ ಮೊದಲು ಧೂಳು ಒರೆಸಿ. ಹಳೆಯ ಒರಟು ಕಣ ಒಂದು ಉಳಿದರೂ ಅದರ ಗೀರು ಕೊನೆಯವರೆಗೂ ಕಾಡುತ್ತದೆ. 240ರ ಹೊತ್ತಿಗೆ ಕಾಣದ ಗೀರು ಹೊಳಪು ಬಂದ ಮೇಲೆ ಎದ್ದು ಕಾಣುತ್ತದೆ.

ನಡುವೆ ಒಂದು ಗೆರೆ ಬೇಕಾದರೆ

ಕಲ್ಲಿನ ಪುಡಿಯೋ ಹಿತ್ತಾಳೆಯ ಪುಡಿಯೋ ತುಂಬಿದ ಗೆರೆ ಇರುವ ಉಂಗುರ ನೋಡಿರುತ್ತೀರಿ. ಮರವನ್ನು ತಿರುಗಿಸುತ್ತಾ ಕೊರೆಯುವ ಲೇತ್ ಯಂತ್ರ ಇಲ್ಲದೆ ಆ ಕಾಲುವೆ ಕೊರೆಯುವುದು ಕಷ್ಟ. ಕೊರೆಯದೇ ಇರುವುದೇ ಇದಕ್ಕೆ ಉಪಾಯ. ಮೂರು ಸುತ್ತು ಅಗಲ ಪಟ್ಟಿಯಲ್ಲಿ ಮುಗಿಸಿ. ಬದಿಗಳನ್ನು 6.5ಕ್ಕೆ ಉಜ್ಜಿ ಸಮ ಮಾಡಿ. ನಾಲ್ಕನೇ ಸುತ್ತಿಗೆ 2.5 ಮಿ.ಮೀ. ಅಗಲದ ಎರಡು ಸಣ್ಣ ಪಟ್ಟಿಗಳನ್ನು ಎರಡು ಅಂಚಿಗೆ ಸುತ್ತಿ ಅಂಟಿಸಿ. ನಡುವೆ 1.5 ಮಿ.ಮೀ. ಕಾಲುವೆ ತಾನಾಗಿ ಉಳಿಯುತ್ತದೆ.

ಹಿತ್ತಾಳೆ ಕೀಲಿಯನ್ನು ಅರದಿಂದ ಉಜ್ಜಿದ ಪುಡಿ ಸಾಕು. ಅದನ್ನು ಕಾಲುವೆಗೆ ಒತ್ತಿ ತುಂಬಿ, ತೆಳು ಸೂಪರ್ ಗ್ಲೂ ಹನಿಸಿ. ಮತ್ತೆ ತುಂಬಿ, ಮತ್ತೆ ಹನಿಸಿ. ಮಟ್ಟಕ್ಕಿಂತ ಸ್ವಲ್ಪ ಮೇಲೆ ಬರುವವರೆಗೆ. ಆಮೇಲೆ ಉಜ್ಜಿದರೆ ಚಿನ್ನದ ಗೆರೆಯ ಹಾಗೆ ಮಿನುಗುತ್ತದೆ. ಕಲ್ಲು ಹಾಕುವುದಾದರೆ ಹಸಿರು ಮಲಕೈಟ್ ಮೆತ್ತಗಿನದ್ದು, ಉಜ್ಜಲು ಸುಲಭ. ಆದರೆ ಅದರಲ್ಲಿ ತಾಮ್ರ ಇದೆ, ಒಣ ಧೂಳು ಒಳ್ಳೆಯದಲ್ಲ. ನೀರು ಮುಟ್ಟಿಸಿ ಉಜ್ಜಿ, ಮಾಸ್ಕ್ ತೆಗೆಯಬೇಡಿ. ಆದರೆ ಬರಿಯ ಮರಕ್ಕೆ ನೀರು ತಾಕದ ಹಾಗೆ ಮೊದಲೇ ಎಲ್ಲಾ ಕಡೆ ಒಂದು ಪದರ ಗ್ಲೂ ಹಚ್ಚಿರಿ.

ಹೊಳಪು ಮತ್ತು ರಕ್ಷಣೆ

ಎರಡು ದಾರಿ. ಮರದ ಸ್ಪರ್ಶವೇ ಬೇಕು ಅನ್ನುವವರಿಗೆ ಎಣ್ಣೆ. ನೀರು ತಾಕಿದರೂ ಬಾಳಬೇಕು ಅನ್ನುವವರಿಗೆ ಸೂಪರ್ ಗ್ಲೂ ಲೇಪನ.

ಎಣ್ಣೆಗೆ ಅಗಸೆ ಎಣ್ಣೆ, ಅಂಗಡಿಯಲ್ಲಿ ಬಾಯ್ಲ್ಡ್ ಲಿನ್ಸೀಡ್ ಆಯಿಲ್ ಅಂತ ಸಿಗುವಂಥದ್ದು. ತೆಳುವಾಗಿ ಹಚ್ಚಿ, ಹದಿನೈದು ನಿಮಿಷ ಬಿಟ್ಟು ಪೂರ್ತಿ ಒರೆಸಿ, ಒಂದು ದಿನ ಒಣಗಿಸಿ. ಹೀಗೆ ಮೂರು ಸಲ. ಮೇಲೆ ಜೇನುಮೇಣ ಉಜ್ಜಿದರೆ ಮೆತ್ತನೆಯ ಹೊಳಪು ಬರುತ್ತದೆ. ಒಂದು ಎಚ್ಚರಿಕೆ: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆ ಎಸೆಯಬೇಡಿ. ಒಣಗುವಾಗ ಅದು ತಾನೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಅದ್ದಿಡಿ. ಅರಗಿನ ಪಾಲಿಶ್ ನೋಡಲು ಬಹಳ ಚೆಂದ, ಆದರೆ ಉಂಗುರಕ್ಕೆ ಆಗಿಬರುವುದಿಲ್ಲ. ಅದು ಕರಗುವುದೇ ಸ್ಪಿರಿಟ್ಟಿನಲ್ಲಿ. ಕೈಗೆ ಸ್ಯಾನಿಟೈಸರ್ ಹಾಕಿದ ದಿನ ಉಂಗುರ ಜಿಗುಟಾಗುತ್ತದೆ.

ನಾನು ದಿನಬಳಕೆಯ ಉಂಗುರಕ್ಕೆ ಗ್ಲೂ ಲೇಪನವನ್ನೇ ಹಾಕುವುದು. ಟಿಶ್ಯೂ ಕಾಗದದ ಸಣ್ಣ ಚೂರಿಗೆ ಎರಡೇ ಹನಿ ತೆಳು ಗ್ಲೂ ಹಾಕಿ, ಉಂಗುರವನ್ನು ತಿರುಗಿಸುತ್ತಾ ಅದರ ಮೇಲೆ ಒಂದೇ ಸಲ ಸವರಿ ತೆಗೆಯಿರಿ. ಸವರಿದ ಜಾಗಕ್ಕೆ ಮತ್ತೆ ಹೋದರೆ ಎಳೆ ಎಳೆಯಾಗಿ ಎದ್ದು ನಿಲ್ಲುತ್ತದೆ. ಐದು ನಿಮಿಷ ಬಿಟ್ಟು ಮುಂದಿನ ಪದರ. ಹೊರಗೆ ಎಂಟು, ಒಳಗೆ ಮೂರು ನಾಲ್ಕು, ಬದಿಗಳಿಗೂ ಅಷ್ಟೇ. ಬದಿಯನ್ನು ಮರೆಯಬೇಡಿ, ನೀರು ನುಗ್ಗುವುದು ಪದರಗಳ ಅಂಚಿನಿಂದ. ಮಾರನೇ ದಿನ 600, ಸಿಕ್ಕರೆ 1000 ಮತ್ತು 2000 ನಂಬರಿನ ನೀರುಪೇಪರಿನಲ್ಲಿ ಒದ್ದೆ ಮಾಡಿ ಉಜ್ಜಿ, ಕೊನೆಗೆ ಕಾರಿನ ಪಾಲಿಶ್ಶನ್ನು ಬಟ್ಟೆಗೆ ಹಚ್ಚಿ ತಿಕ್ಕಿ. ಉಜ್ಜುವಾಗ ಮಂಕಾದದ್ದು ನೋಡಿ ಹೆದರಬೇಡಿ, ಹೊಳಪು ಕೊನೆಯ ಎರಡು ನಿಮಿಷದಲ್ಲಿ ಬರುತ್ತದೆ.

ಕೊರೆದೇ ಮಾಡಬೇಕು ಅಂದರೆ

ನಿಮ್ಮ ಹತ್ತಿರ ನೆನಪಿನ ಮರದ ತುಂಡೊಂದಿದೆ, ವೆನೀರ್ ಮಾಡಲು ಆಗುವುದಿಲ್ಲ ಅಂದುಕೊಳ್ಳಿ. ಆಗ ಪ್ಲೈವುಡ್ಡಿನ ಉಪಾಯ ಮಾಡಿ. 3 ಮಿ.ಮೀ. ದಪ್ಪದ ಮೂರು ಚೌಕ ಬಿಲ್ಲೆ ಕತ್ತರಿಸಿ. ನಡುವಿನ ಬಿಲ್ಲೆಯ ಎಳೆ ಅಡ್ಡಕ್ಕೆ ಬರುವ ಹಾಗೆ ತಿರುಗಿಸಿ, ಬಿಳಿ ಮರದಂಟಿನಿಂದ ಅಂಟಿಸಿ ಒಂದು ದಿನ ಕ್ಲ್ಯಾಂಪಿನಲ್ಲಿ ಬಿಡಿ. ಮೇಲಿನ ಬಿಲ್ಲೆ ಮೆತ್ತಗಿರುವಲ್ಲಿ ನಡುವಿನದ್ದು ಗಟ್ಟಿ ಇರುತ್ತದೆ.

ಕ್ರಮ ಮಾತ್ರ ತಪ್ಪಬಾರದು: ಮೊದಲು ತೂತು, ಆಮೇಲೆ ಹೊರ ಆಕಾರ. ಹೊರಗೆ ದುಂಡು ಮಾಡಿಕೊಂಡು ತೂತು ಹಾಕಲು ಹೋದರೆ ಡ್ರಿಲ್ಲಿನ ತಿರುವಿಗೇ ಸೀಳುತ್ತದೆ. ಬಿಲ್ಲೆಯನ್ನು ಬೇಡದ ಹಲಗೆಯ ಮೇಲೆ ಕ್ಲ್ಯಾಂಪ್ ಹಾಕಿ, ಬೇಕಾದ ವ್ಯಾಸಕ್ಕಿಂತ ಅರ್ಧ ಮಿ.ಮೀ. ಸಣ್ಣ ತೂತು ಕೊರೆಯಿರಿ. ಬಿಟ್ಟಿನ ತುದಿ ಆಚೆ ಇಣುಕಿದ ಕೂಡಲೇ ನಿಲ್ಲಿಸಿ, ತಿರುವಿ ಹಾಕಿ, ಆ ಕಡೆಯಿಂದ ಮುಗಿಸಿ. ಆಗ ಅಂಚಿನ ಚಕ್ಕೆ ಏಳುವುದಿಲ್ಲ. ಕೈಯಲ್ಲಿ ಹಿಡಿದುಕೊಂಡು ಕೊರೆಯುವುದು ಬೇಡವೇ ಬೇಡ. ಆಮೇಲೆ ಮೂಲೆಗಳನ್ನು ಸಣ್ಣ ಗರಗಸದಲ್ಲಿ ಕತ್ತರಿಸಿ ಎಂಟು ಮೂಲೆ ಮಾಡಿ, ಅರದಿಂದ ದುಂಡಗೆ ಮಾಡಿ. ಉಂಗುರದ ಗೋಡೆ 2.5 ಮಿ.ಮೀ.ಗಿಂತ ತೆಳು ಬೇಡ. ಉಳಿದದ್ದೆಲ್ಲ ಮೇಲೆ ಹೇಳಿದ ಹಾಗೇ.

ಹಾಕಿಕೊಂಡ ಮೇಲೆ

ಪಾತ್ರೆ ತೊಳೆಯುವಾಗ, ಸ್ನಾನಕ್ಕೆ, ಈಜಲು ಹೋಗುವಾಗ ತೆಗೆದಿಡಿ. ಕೈ ತೊಳೆದ ನೀರು ತಾಕಿದರೆ ಒರೆಸಿದರಾಯಿತು. ಯಂತ್ರದ ಹತ್ತಿರ ಕೆಲಸ ಮಾಡುವಾಗ ಯಾವ ಉಂಗುರವೂ ಬೇಡ, ಮರದ್ದೂ ಬೇಡ. ಎಣ್ಣೆಯ ಉಂಗುರ ಮಂಕಾದಾಗ ಮತ್ತೊಂದು ಕೈ ಎಣ್ಣೆ ಸವರಿ. ಗ್ಲೂ ಲೇಪನ ಎಲ್ಲಾದರೂ ಬಿಳಿಚಿಕೊಂಡರೆ ಅಲ್ಲಿ ಒಳಗೆ ನೀರು ಹೋಗಿದೆ. ಲೇಪನ ಉಜ್ಜಿ ತೆಗೆದು, ಎರಡು ದಿನ ಒಣಗಲು ಬಿಟ್ಟು ಹೊಸದಾಗಿ ಹಚ್ಚಬೇಕು.

ಬೆರಳು ಸೊರಗಿ ಉಂಗುರ ಸಡಿಲವಾದರೆ ಒಳಗೆ ಮೂರು ನಾಲ್ಕು ಪದರ ಗ್ಲೂ ಸವರಿ. ಇನ್ನೂ ಸಡಿಲ ಅನಿಸಿದರೆ ಒಳಗಡೆಗೆ ಒಂದು ಸುತ್ತು ವೆನೀರ್ ಅಂಟಿಸಬಹುದು, ಅದು ವ್ಯಾಸವನ್ನು 1.2 ಮಿ.ಮೀ. ಇಳಿಸುತ್ತದೆ. ಬಿಗಿಯಾದರೆ ಒಳಪದರವನ್ನು ಉಜ್ಜಿ ಅರ್ಧ ಮಿ.ಮೀ.ವರೆಗೆ ಬಿಡಿಸಿಕೊಳ್ಳಬಹುದು. ಅದಕ್ಕಿಂತ ಜಾಸ್ತಿ ಬೇಕಾದರೆ ಉಜ್ಜುತ್ತಾ ಕೂರಬೇಡಿ. ಉಳಿದ ಪಟ್ಟಿ ತೆಗೆದು ನೀರು ಕಾಯಲು ಇಡಿ.